ಹುಲಗೇಶನ ಬಗ್ಗೆ ಕೇಳಿದಿರಲ್ಲ

ಕೇಳಿದಿರಲ್ಲ ಮಿಂಗೆಲ್ ಸರ್, ಅವನಿಂದ ಏನು ನಿರೀಕ್ಷಿಸಬಹುದೆಂದು.
ಮೊದಲಿಗೆ, ಹೊತ್ತಿಗೆ ಸರಿಯಾಗಿ ಬರುವುದನ್ನು ನಿರೀಕ್ಷಿಸಬೇಡಿ.
ಖಾರಿವಾಡದ ಜೆಟ್ಟಿಗೆ ಟ್ರಾಲರು ತಡವಾದರೆ
ಐಸ್ ಫ್ಯಾಕ್ಟರಿ ಅವನನ್ನು ಬಿಡುವುದಿಲ್ಲ.
ಬಂದಾಗ ಅಂಗಿ ಒದ್ದೆ, ಬೆರಳು ಮರಗಟ್ಟಿ ಬೆಳ್ಳಗೆ,
ಮೈಯೆಲ್ಲ ಬಂಗುಡೆ ವಾಸನೆ.
ಹತ್ತು ನಿಮಿಷ ಬಿಸಿಲಿಗೆ ಹಿಡಿಯಲಿ ಆ ಕೈಗಳನ್ನು.
ಆಮೇಲೆ ಚೆಂಡು ಕೊಡಿ.

ಚೆಂಡು ಎನ್ನಲು ನನಗೇ ನಾಚಿಕೆ.
ಚಿಕಾಲಿಮಿನ ಮಕ್ಕಳು ಇನ್ನೂ ಗೋಡೆ ಮೇಲಿಂದ ಕೂಗುತ್ತಾರೆ,
ನಾರ್ಲ ಆಯ್ಲೊ, ನಾರ್ಲ, ತೆಂಗಿನಕಾಯಿ ಬಂತು!
ಗುಂಡನೆಯ ಚೆಂಡಿಗೆ ಮೇಣದ ಬತ್ತಿ ಹಚ್ಚುವ ಊರು ಇದು.
ನಮ್ಮದು ಎತ್ತ ಪುಟಿಯುತ್ತದೆಂದು ಅದಕ್ಕೇ ಗೊತ್ತಿಲ್ಲ.
ಹುಲಗೇಶನಿಗೆ ಗೊತ್ತು. ಹೇಗೆಂದು ಕೇಳಬೇಡಿ.

ನಾಲ್ಕು ಹೆಜ್ಜೆ. ಅಷ್ಟು ಸಾಕು ಅವನಿಗೆ.
ಮೊದಲೆರಡು ಸೋಮಾರಿ, ಚಹಾ ತರಲು ಹೊರಟವನ ಹಾಗೆ.
ಮೂರನೆಯದಕ್ಕೆ ಎದುರಿನವನು ಸೊಂಟ ತಿರುಗಿಸುತ್ತಾನೆ,
ನಾಲ್ಕನೆಯದಕ್ಕೆ ಎದುರಿನವನ ಎದುರು ಯಾರೂ ಇಲ್ಲ.
ಎಲ್ಲಿ ಕಲಿತೆಯೋ ಎಂದೆ.
ಝುವಾರಿನಗರದಾಗ ಟ್ಯಾಂಕರ್ ಬರತಿತ್ತಲ್ಲರಿ ಅಣ್ಣಾ, ಎಂದ,
ಹಾರ್ನ್ ಕೇಳಿ ಓಡಿದವರಿಗೆ ರಾಡಿ,
ಹಾರ್ನಿಗಿಂತ ಮುಂಚೆ ಓಡಿದವರಿಗೆ ನೀರು.
ಎರಡೂ ಕೈಯಲ್ಲಿ ತುಂಬಿದ ಕೊಡ, ಗಟಾರ ಜಿಗಿದು, ಗುಡ್ಡ ಹತ್ತಿ,
ಹನಿ ಚೆಲ್ಲಿದರೆ ಅವ್ವನ ಬಾಯಿ.
ಅದೇ ಓಟ ಸರ್. ಸೊಂಟದ ಮೇಲೆ ಏನೂ ಅಲುಗುವುದಿಲ್ಲ.

ಕೈಬಿಡುತ್ತಾನೆ. ಇದನ್ನೂ ಬರೆದಿಡಿ.
ಐದರಲ್ಲಿ ಎರಡು. ಅದೂ ತೀರಾ ಸುಲಭದವನ್ನು,
ಸುತ್ತ ಯಾರೂ ಇಲ್ಲದಾಗ.
ಅಂಗೈಯಲ್ಲಿ ಹಿಡಿಯೋ ಎಂದು ನೀವು ಗಂಟಲು ಹರಿದುಕೊಳ್ಳುತ್ತೀರಿ,
ಅವನು ಎದೆಗೇ ಅವಚುತ್ತಾನೆ.
ನಲವತ್ತು ಕಿಲೋ ಮಂಜುಗಡ್ಡೆಯನ್ನು ಅಂಗೈಯಲ್ಲಿ ಹಿಡಿದವರಾರು?
ಜಾರುವುದನ್ನೆಲ್ಲ ಎದೆಗೊತ್ತಿಯೇ ಹೊತ್ತವನು.
ಒಂದು ಮಳೆಗಾಲ ಕೊಡಿ. ಬೈದು ಆಗುವ ಕೆಲಸವಲ್ಲ.

ಹಿಂದಕ್ಕೂ ಓಡುತ್ತಾನೆ ಕೆಲವೊಮ್ಮೆ.
ಪುಣೆಯವರ ಮೇಲೆ, ನೆನಪಿದೆಯಲ್ಲ,
ಹತ್ತು ಗಜ ಗೆಲ್ಲಲು ಹೋಗಿ ಮೂವತ್ತು ಗಜ ಸೋತ.
ನೀವು ಟೋಪಿ ನೆಲಕ್ಕೆ ಬಡಿದಿರಿ. ನಾನು ನಕ್ಕೆ, ಕ್ಷಮಿಸಿ.
ಹೆದರಿ ಹಿಂದೆ ಓಡುವುದೂ
ದಾರಿ ಇದೆಯೆಂದು ನಂಬಿ ಹಿಂದೆ ಓಡುವುದೂ
ದೂರದಿಂದ ಒಂದೇ ಥರ ಕಾಣುತ್ತವೆ.

ಆಮೇಲೆ ಆ ಕೈ ಎತ್ತುವ ನಿಯಮ.
ಒದ್ದ ಚೆಂಡು ಮುಗಿಲಲ್ಲಿ, ಕೆಳಗೆ ಹನ್ನೊಂದು ಮಂದಿ ನುಗ್ಗುತ್ತಿರುವಾಗ
ಕೈ ಎತ್ತಿ ಬೀಸು, ಯಾರೂ ನಿನ್ನ ಮುಟ್ಟುವಂತಿಲ್ಲ,
ಸುಮ್ಮನೆ ಹಿಡಿದು ನಿಲ್ಲು, ಎಂದು ಮೂರು ಸಲ ಬಿಡಿಸಿ ಹೇಳಿದೆ.
ಕಣ್ಣರಳಿಸಿ ಕೇಳಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.
ಕೈ ಎತ್ತಿದ್ರ ಬಿಟ್ಟಬಿಡತಾರ? ಅಂಥಾ ಕಾಯ್ದೆ ಎಲ್ಲೈತ್ರಿ ಅಣ್ಣಾ!
ಎತ್ತುವುದಿಲ್ಲ ಸರ್ ಅವನು.

ನಾನೂ ಎತ್ತಿರಲಿಲ್ಲ.
ದಾಬೋಲಿಮಿಗೆ ಇಳಿಯುವ ವಿಮಾನ ನಮ್ಮ ತಲೆ ಸವರಿ ಹೋದ ಸಂಜೆ
ಚೆಂಡು ಅದರ ಹೊಟ್ಟೆಯಡಿ ಅರೆಗಳಿಗೆ ಕಾಣದಾಯಿತು.
ಕಂಡಾಗ ಎದೆಯ ಮೇಲಿತ್ತು,
ಮಂಡಿಯ ಮೇಲೆ ಇಬ್ಬರಿದ್ದರು.
ಆ ಸದ್ದು ನೀವೂ ಕೇಳಿದ್ದೀರಿ.
ಈಗ ಶಿಪ್‌ಯಾರ್ಡಿನ ಏಣಿಯನ್ನು ಒಂದೊಂದೇ ಮೆಟ್ಟಿಲು ಹತ್ತುತ್ತೇನೆ,
ಸಂಜೆ ಬಂದು ಹುಡುಗರಿಗೆ ನೀರಿನ ಬಾಟಲಿ ತುಂಬುತ್ತೇನೆ.
ಇಷ್ಟೆಲ್ಲ ಹೇಳಿದ್ದು ಹೊಟ್ಟೆಕಿಚ್ಚಿಗೆ ಎಂದುಕೊಂಡರೆ
ಅರ್ಧ ನಿಜ.

ಭಾನುವಾರ ಅವನು ಬಂದರೆ, ಟ್ರಾಲರು ಬಿಟ್ಟರೆ,
ನನ್ನ ಹದಿನೇಳನೇ ನಂಬರಿನ ಅಂಗಿ ಕೊಡಿ.
ಅವನಿಗೆ ದೊಗಲೆ. ದೊಗಲೆ ಬಟ್ಟೆಯೆಂದರೆ
ಬೆನ್ನಟ್ಟಿದವರಿಗೆ ಹಿಡಿಕೆ.
ಅದಕ್ಕೇ ನಿನ್ನೆ ವಾಸ್ಕೋ ಮಾರ್ಕೆಟ್ಟಿನ ಟೈಲರನ ಹತ್ತಿರ
ಎರಡೂ ಪಕ್ಕ ಒಳಗೆ ಹಿಡಿಸಿ ಹೊಲಿಸಿದ್ದೇನೆ.
ಬಟ್ಟೆ ನೀಲಿ, ದಾರ ಕೆಂಪು. ಬೇರೆ ಇರಲಿಲ್ಲವಂತೆ.
ಅವನು ಓಡುವಾಗ ಕಾಣುವುದಿಲ್ಲ.