ನಿದ್ದೆಯಲ್ಲಿ ನಿಲ್ಲುವ ನಡುಕ

ಸೊಹಾರ್. ಜುಲೈ. ನೆರಳಲ್ಲೇ ನಲವತ್ತಾರು ಡಿಗ್ರಿ.
ಕುದ್ದುಸ್ ಮಿಯಾ ಮೀನಿನ ಐಸ್ ಪೆಟ್ಟಿಗೆ ಹೊತ್ತು ಬಂದ.
ಒಳಗೆ ಸತ್ತ ಕುರಿಮರಿ, ಎರಡು ದಿನದ್ದು,
ಅದಕ್ಕೆ ಅವನದೇ ಕಂಬಳಿ ಸುತ್ತಿದೆ.
‘ಚಳಿ ಇತ್ತು ಮೇಡಂ, ಹುಟ್ಟಿದಾಗಿನಿಂದ ಗಡಗಡ.’
ಕಿಟಕಿಯಾಚೆ ಮೆತ್ತಗಾಗುತ್ತಿದ್ದ ಡಾಂಬರು ನೋಡಿದೆ,
ಏನೂ ಹೇಳಲಿಲ್ಲ.

ಇದರ ಅವಳಿ ಇನ್ನೂ ಬದುಕಿದೆಯಂತೆ.
ಎದ್ದರೆ ನಡುಕ, ನಿಂತರೆ ನಡುಕ,
ಮೊಲೆ ಹುಡುಕುವ ಮೂತಿ ಗುರಿ ತಪ್ಪುತ್ತದೆ.
ನಿದ್ದೆ ಹತ್ತಿತೋ, ಯಾರೋ ಕೈಯಿಟ್ಟು ನಿಲ್ಲಿಸಿದ ಹಾಗೆ
ಮೈಯೆಲ್ಲ ಸುಮ್ಮನೆ.

ಬೆಳ್ಮಣ್ಣಿನ ನಮ್ಮ ಹಂದಿಗೂಡಲ್ಲಿ
ಒಂದು ವರ್ಷ ಹೀಗೇ ಆಗಿತ್ತು. ಹನ್ನೊಂದರಲ್ಲಿ ಒಂಬತ್ತು ಮರಿ
ಕುಣಿಯುತ್ತಲೇ ಹುಟ್ಟಿದವು. ನಾವು ಮಕ್ಕಳು ನಕ್ಕೆವು.
ಯಾರದೋ ಕಣ್ಣು ಬಿದ್ದಿದೆ ಅಂದಳು ಎಪ್ರೋಸಿನ್ ಮೌಶಿ.
ಅಜ್ಜಿ ಮಾತ್ರ ಗೋಣಿ ಹಾಸಿ ಕೂತು
ಒಂದೊಂದರ ತಲೆಯನ್ನೂ ಬೊಗಸೆಯಲ್ಲಿ ಹಿಡಿದು
ಮೊಲೆಗೆ ಹಚ್ಚುತ್ತಿದ್ದಳು, ರಾತ್ರಿಯಿಡೀ.

ಇಲ್ಲಿ ಆ ಪ್ರಾಣಿಯ ಹೆಸರನ್ನು ಯಾರೂ ಬೇಡವೆಂದಿಲ್ಲ;
ನಾನೇ ನುಂಗಿಕೊಂಡಿದ್ದೇನೆ, ಒಂಬತ್ತು ವರ್ಷ,
ಹಬ್ಬದ ಊಟದ ಮಾತು ಬಂದಾಗಲೂ.

ಕಿರುಮೆದುಳಿನ ಚೂರು, ಕಡಲೆಕಾಳಿನಷ್ಟು.
ಅರೆದೆ, ಸೋಸಿದೆ, ತೊಳೆದು ತೊಳೆದು
ಕೊನೆಗುಳಿದದ್ದು ನೀರಿನಂತೆಯೇ ಕಾಣುವ ಒಂದು ಹನಿ.
ಯಂತ್ರ ಕಾದಿತು, ತಣಿಯಿತು, ಮತ್ತೆ ಕಾದಿತು.
ಇಪ್ಪತ್ತಮೂರನೆಯ ಸುತ್ತಿನಲ್ಲಿ
ನೆಲಕ್ಕಂಟಿದ್ದ ಗೆರೆ ತಲೆಯೆತ್ತಿತು.
ಇದ್ದೀಯಲ್ಲ, ಅಂದೆ, ಕೊಂಕಣಿಯಲ್ಲಿ.

ಹನ್ನೆರಡು ಸಾವಿರ ಅಕ್ಷರದ ಸಾಲು,
ಉಸಿರೆಳೆಯಲು ಒಂದು ಅಲ್ಪವಿರಾಮವಿಲ್ಲ.
ತಾಯಿಗೆ ಒಂದು ಕೆಮ್ಮೂ ಬರಿಸದೆ ಗರ್ಭಕ್ಕಿಳಿದು
ನರದ ಎಳೆಗಳಿಗೆ ಬಿಳಿ ಹೊದಿಕೆ ಸುತ್ತುವ ಹೊತ್ತಿಗೆ
ಸುತ್ತುವ ಕೈಯನ್ನೇ ತಡೆದದ್ದು ಇದು.
ಕುದ್ದುಸ್, ನೀನು ಹೇಳಿದ್ದು ಪೂರಾ ತಪ್ಪಲ್ಲ.
ಕಂಬಳಿಯೇ ಕಡಿಮೆಯಾಗಿತ್ತು, ಒಳಗಡೆ.

ವಂಶವೃಕ್ಷ ಬಿಡಿಸಿದೆ.
ಕುರಿಗಳ ಕೊಂಬೆಯಲ್ಲಿ ನಮ್ಮದು, ಯಾರನ್ನೂ ಪೂರಾ ಹೋಲದೆ;
ದನಗಳದ್ದು ಪಕ್ಕದ ಮನೆ; ಆಚೆ ತುದಿಯಲ್ಲೊಂದು ಕವಲು,
ಹಂದಿಮರಿಗಳನ್ನು ನಡುಗಿಸುವ ದೂರದ ದಾಯಾದಿ.
ವರದಿಯ ನಾಲ್ಕನೇ ಪುಟದಲ್ಲಿ ಆ ಪದ ಬರೆಯಲೇಬೇಕಾಯಿತು.
ಡಾಕ್ಟರ್ ಜುವೈನಾ ಓದಿದರು, ಕನ್ನಡಕ ತೆಗೆದು ಒರೆಸಿದರು,
‘ಎಲ್ಲ ಸರಿ, ಮಾದರಿಯ ಸಂಖ್ಯೆ ಒಂದು ತಪ್ಪಿದೆ’ ಅಂದರು.

ಸಂಜೆ ಫೋನು. ‘ಹೆಸರು ಸಿಕ್ಕಿತಾ? ಔಷಧಿ?’
ಹೆಸರು ಅರ್ಧ. ಔಷಧಿ ಇಲ್ಲ.
ನಿನ್ನ ಹಟ್ಟಿಯಲ್ಲಿ ಯಾವುದೋ ಕುರಿ
ಇದನ್ನು ಹೊತ್ತು ಆರಾಮಾಗಿ ಮೇಯುತ್ತಿರಬೇಕು,
ನಾಳೆ ಎಲ್ಲವುಗಳ ರಕ್ತ ಬೇಕು.
ಅಲ್ಲಿಯವರೆಗೆ, ಕುದ್ದುಸ್,
ಆ ಮರಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು...

‘ಮೊಲೆಗೆ ಹಚ್ಚೋದು ತಾನೆ?
ಮೂರು ರಾತ್ರಿಯಿಂದ ಮತ್ತೇನು ಮಾಡ್ತಿದ್ದೀನಿ ಮೇಡಂ?
ಈಗ ಮಲಗಿದೆ. ಮೆಲ್ಲಗೆ ಮಾತಾಡಿ.’