ಷರಾ

ನೀರು ಒಂದು ಲೀಟರ್. ರವೆ ನೂರು ಗ್ರಾಂ, ಬೆಲ್ಲ ನೂರು,
ಅಗರ್ ಹತ್ತು,
ಬೂಷ್ಟು ಹಿಡಿಯದಿರಲೆಂದು ಏಳೂವರೆ ಮಿಲಿ ಆಸಿಡ್.
ಇದು ಹಣ್ಣಿನ ನೊಣದ ಊಟ.
ಆಸಿಡ್ ಬಿಟ್ಟು ಏಲಕ್ಕಿ ಹಾಕಿದರೆ
ನಮ್ಮ ಮನೆಯ ಸಜ್ಜಕ.
"ನೊಣಕ್ಕ ದಿನಾ ಹಬ್ಬ," ಅಂದರು ಅತ್ತಿ, ಮೊದಲ ಸಲ ಕೇಳಿದಾಗ,
"ನನ್ನ ಮಗಗ ನಿನ್ನಿ ರೊಟ್ಟಿ."

ಹೆಣ್ಣು ನೊಣ ಕೋಶ ಹರಿದು ಹೊರಬಂದ ಮೇಲೆ
ಎಂಟು ತಾಸು ಯಾವ ಗಂಡನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.
ಅಷ್ಟರೊಳಗೆ ಆರಿಸಿ ಬೇರೆ ಇಡಬೇಕು.
ತಪ್ಪಿದರೆ ಯಾರ ಮಕ್ಕಳೋ, ಯಾವ ವಂಶವೋ,
ಲೆಕ್ಕವೆಲ್ಲ ಹೊಳೆಯ ಪಾಲು.
ಹಾಗಾಗಿ ನನ್ನ ದಿನಕ್ಕೆ ಮೂರೇ ಗಂಟೆ:
ನಸುಕಿನ ನಾಲ್ಕು, ಮಟಮಟ ಹನ್ನೆರಡು, ರಾತ್ರಿ ಎಂಟು.
ರಾತ್ರಿಯದಕ್ಕೆ ಚನ್ನವೀರ ಜೊತೆಗೆ ಬರುತ್ತಾನೆ.
ವರ್ಕ್‌ಶಾಪಿನ ಗ್ರೀಸು ಇನ್ನೂ ಉಗುರಿನಲ್ಲಿ,
ಮುಕ್ತಾ ಹೆಗಲ ಮೇಲೆ,
ಪ್ರಾಣಿಶಾಸ್ತ್ರದ ಉದ್ದನೆಯ ಕಾರಿಡಾರಿನಲ್ಲಿ
ಹುಬ್ಬಳ್ಳಿಯಿಂದ ಧಾರವಾಡದಷ್ಟು ನಡೆಯುತ್ತಾನೆ.

ಮುಕ್ತಾಳಿಗೆ ಈಗ ಹದಿನಾಲ್ಕು ತಿಂಗಳು.
ನನ್ನ ಬಾಟ್ಲಿಗಳಲ್ಲಿ ಅದು ಮೂವತ್ತೆಂಟು ತಲೆಮಾರು.
ಒಬ್ಬ ಅಜ್ಜಿಯೂ ಮೊಮ್ಮಗಳ ಮುಖ ನೋಡಲಿಲ್ಲ;
ಅಜ್ಜಿಯರನ್ನೆಲ್ಲ ಎಣಿಸಿ
ಎಣ್ಣೆಯ ಡಬ್ಬಿಗೆ ಸುರಿದವಳು ನಾನೇ.

ಶ್ರಾವಣದ ಜಿಟಿಜಿಟಿ. ಮಗುವಿಗೆ ನೂರಾ ಮೂರು ಜ್ವರ.
ಚನ್ನವೀರನಿಗೆ ಆ ವಾರ ರಾತ್ರಿ ಪಾಳಿ.
ಏಳು ಬಾಟ್ಲಿಗಳನ್ನು ಬುತ್ತಿಯ ಚೀಲದಲ್ಲಿಟ್ಟುಕೊಂಡು
ಮನೆಗೇ ತಂದೆ, ಸಪ್ತಾಪುರದ ಇಳಿಜಾರಿನಲ್ಲಿ
ಒಂದಕ್ಕೊಂದು ತಾಗದಂತೆ ಹೆಜ್ಜೆ ಹಾಕುತ್ತ.
ಮಿಕ್ಸರಿಗೂ ದೇವರ ಫಳಿಗೂ ನಡುವೆ ಸಾಲಾಗಿ ಇಟ್ಟೆ.
ಫೋನಿನಲ್ಲಿ ಜೂನಿಯರ್ ಹುಡುಗಿಗೆ ಹೇಳಿದೆ:
"ನಾಕಕ್ಕ ಎಲ್ಲಾ ಜಾಡಿಸಿ ಖಾಲಿ ಮಾಡಬೇಕವಾ,
ಇಲ್ಲಾಂದ್ರ ಕೆಟ್ಟಹೋಗ್ತಾವ."
ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸುತ್ತ, ಬದಲಿಸುತ್ತ
ಎಲ್ಲಿ ನಿದ್ದೆ ಹೋದೆನೋ.

ಎದ್ದಾಗ ಆರೂ ಹತ್ತು. ಮಗುವಿನ ಬೆನ್ನು ಬೆವೆತು ತಣ್ಣಗೆ.
ಅಡುಗೆಮನೆಯಲ್ಲಿ ಏಳು ಬಾಟ್ಲಿ
ಬೋರಲು ಬಿದ್ದಿದ್ದವು, ಫಳಫಳ,
ಉಪ್ಪಿನಕಾಯಿ ಭರಣಿಗಳ ಪಕ್ಕ.

"ನಾಕಕ್ಕ ನಾನ ಎದ್ದೆ," ಅಂದರು ಅತ್ತಿ.
"ನೀ ಮಲಗಿದ್ದಿ, ಎಬ್ಬಿಸಲಿಲ್ಲ.
ಹಿತ್ತಲದಾಗ ಜಾಡಿಸಿ ಬಂದೆ.
ತಳದಾಗ ಹುಳಾ ಬಿದ್ದಿದ್ವು ನೋಡು, ನೀ ನೋಡಿದ್ದಿಲ್ಲ ಅನಸ್ತದ.
ಬಿಸಿನೀರು ಹಾಕಿ ತಿಕ್ಕೀನಿ."

ನೊಣ ಹಾರಿಸಬೇಕಿತ್ತು. ಹುಳ ಉಳಿಯಬೇಕಿತ್ತು.
ಆ ಹುಳದಲ್ಲಿ ನನ್ನ ಮೂರು ತಲೆಮಾರಿನ ಕೆಲಸ,
ನಾಲ್ಕನೆಯ ಅಧ್ಯಾಯದ ಆರನೆಯ ಕೋಷ್ಟಕ,
ಫೆಲೋಶಿಪ್ಪಿಗೆ ಉಳಿದದ್ದು ಐದು ತಿಂಗಳು.
ಬಾಯಿ ತೆರೆದೆ.
ಅತ್ತಿಯ ಬೆರಳ ತುದಿ ಬಿಸಿನೀರಿಗೆ ಸುಕ್ಕಾಗಿತ್ತು.
ಮೊಣಕಾಲು ನೋವಿನವರು, ಕತ್ತಲಲ್ಲಿ,
ಏಳು ಸಲ ಹಿತ್ತಲಿನ ಮೆಟ್ಟಿಲಿಳಿದು ಹತ್ತಿದ್ದರು.
"ಭಾಳ ಚೊಲೊ ಆತ್ರೀ," ಅಂದೆ.
ಸುಳ್ಳು ಎಂದು ಹೇಳಲಾರೆ.

ಹನ್ನೆರಡಕ್ಕೆ ಲ್ಯಾಬಿನ ದಾಖಲೆ ಪುಸ್ತಕ ತೆರೆದೆ.
ದಿನಾಂಕ, ಬಾಟ್ಲಿ, ಗಂಡು, ಹೆಣ್ಣು.
ಕೊನೆಯ ಷರಾ ಕಾಲಮ್ಮು ಅಂಗುಲವೂ ಅಗಲವಿಲ್ಲ.
ಒಂದರಿಂದ ಏಳಕ್ಕೆ ಒಂದೇ ಕಂಸ ಎಳೆದು ಬರೆದೆ:
ತೊಳೆಯಲಾಗಿದೆ.
ಗೈಡ್ ಓದದೆ ಸಹಿ ಮಾಡಿದರು.

ಜ್ವರ ಬಿಟ್ಟ ಖುಷಿಗೆ ಸಂಜೆ ಸಜ್ಜಕ.
ತಾಟಿನ ಅಂಚಿಗೆ ಒಂದು ನೊಣ ಬಂದು ಕೂತಿತು,
ಕೆಂಪು ಕಣ್ಣು, ನನ್ನದೇ ಇರಬೇಕು.
ರೂಢಿಯಂತೆ ಬಗ್ಗಿ ನೋಡಿದೆ, ಹೆಣ್ಣೋ ಗಂಡೋ.
ಮುಕ್ತಾ ಅಂಟಿನ ಕೈಯೆತ್ತಿ
ಅದಕ್ಕೂ ಒಂದು ತುತ್ತು ಹಿಡಿದಳು.