ಕಾಲರು

ಅರಸು ರಸ್ತೆಯ ಗಾಜಿನಂಗಡಿ. ಒಳಗೆ ತಣ್ಣಗೆ.
ನೇತುಹಾಕಿದ ಅಂಗಿಯ ಕಾಲರು ಮಗುಚಿ ನೋಡಿದೆ:
ಅಂಗುಲಕ್ಕೆ ಹದಿನಾಲ್ಕು ಹೊಲಿಗೆ, ಮೂಲೆಯಲ್ಲೊಂದು ತಿರುವು.
ನಮ್ಮದೇ. ಗಾರ್ಮೆಂಟ್ಸಿನ ಮೂರನೇ ಲೈನಿನದು.
ನಾನಲ್ಲದಿದ್ದರೆ ಪಕ್ಕದ ಮಿಷಿನ್ನಿನ ಸಾಕಮ್ಮ.

ಚೀಟಿ ತಿರುಗಿಸಿದೆ. ನಾಲ್ಕು ಸಾವಿರದ ಒಂಬೈನೂರು.
ಗಂಟೆಗೆ ಅರವತ್ತು ಕಾಲರು ಹೊಲಿಯುವವಳು
ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.
"ಜೆಂಟ್ಸಿಗಾ ಮೇಡಂ?" ಅಂದ ಹುಡುಗ,
ಕಣ್ಣು ನನ್ನ ಚಪ್ಪಲಿಯ ಮೇಲೆ.
"ತಮ್ಮನಿಗೆ. ನಿಶ್ಚಿತಾರ್ಥ" ಅಂದೆ.
ಅಷ್ಟನ್ನು ಅವನು ಕೇಳಿರಲಿಲ್ಲ.

ಶಿವರಾಂಪೇಟೆಯ ತಿರುವಲ್ಲಿ ತಳ್ಳುಗಾಡಿ.
ಅದೇ ನೀಲಿ, ಅದೇ ಹೆಸರು, ಒಂದಕ್ಷರ ಮಾತ್ರ ಹೆಚ್ಚು.
ಮುನ್ನೂರೈವತ್ತು ಅಂದವನು ಇನ್ನೂರ ಎಂಬತ್ತಕ್ಕೆ ಇಳಿದ.
ಕಾಲರು ಮಗುಚಿದೆ: ಅಂಗುಲಕ್ಕೆ ಏಳೇ,
ದಾರ ಕೆಮ್ಮಿದ ಹಾಗೆ ಅಲ್ಲಲ್ಲಿ ತಪ್ಪಿದೆ.
ಯಾರೋ ಪಾಪ, ಕರೆಂಟು ಹೋಗುವುದರೊಳಗೆ ಮುಗಿಸಿದ್ದಾಳೆ.

ಜವರೇಶನಿಗೆ ಗೊತ್ತಾಗಲ್ಲ. ಬೀಗರಿಗೆ ಗೊತ್ತಾದೀತು.
ನನಗಂತೂ ಗೊತ್ತು.

ಮದ್ದೂರಿನ ಬಸ್ಸಿನಲ್ಲಿ ಮಡಿಲ ಮೇಲೆ ಪ್ಲಾಸ್ಟಿಕ್ ಕವರು.

ರಾತ್ರಿ ಪಾತ್ರೆ ತೊಳೆದು, ಅಮ್ಮನ ತುಳಿಯೋ ಮಿಷಿನ್ನು ಎಳೆದು
ಕಾಲರು ಬಿಚ್ಚಿದೆ. ಒಳಗಿನ ಬಕ್ರಂ ಬದಲಿಸಿದೆ.
ತಲೆ ಮೇಲೆ ಸೂಪರ್‌ವೈಸರ್ ಇಲ್ಲ, ಗಂಟೆಯ ಟಾರ್ಗೆಟ್ ಇಲ್ಲ;
ಹದಿನಾಲ್ಕಕ್ಕೆ ಕೂತವಳು ಹದಿನಾರು ಹೊಲಿದೆ.
ಆಮೇಲೆ ಬ್ಲೇಡಿನಲ್ಲಿ ಹೆಸರಿನ ಪಟ್ಟಿ ಎಬ್ಬಿಸಿದೆ.
ಅದಿದ್ದಲ್ಲಿ ಸಣ್ಣ ಸಣ್ಣ ತೂತು,
ಉಗುರಿನಿಂದ ಉಜ್ಜಿದೆ, ಪೂರ್ತಿ ಹೋಗಲಿಲ್ಲ.

ಬೆಳಗ್ಗೆ ತಮ್ಮ ಕನ್ನಡಿ ಮುಂದೆ,
ಕುತ್ತಿಗೆ ಹಿಂದೆ ಬೆರಳಾಡಿಸುತ್ತಾ,
"ಯಾವ ಕಂಪನೀದಕ್ಕ ಇದು?"

"ಗುಂಡಿ ಹಾಕ್ಕೋ ಮೊದಲು" ಅಂದೆ.